ಮೇ ತಿಂಗಳ ಮಗು, ಜೂನ್ ತಿಂಗಳ ಮಗು

ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂದಾಗ, ಮಗುವಿಗೆ ಒಂದು ವರ್ಷ ಹಾಳಾಯಿತಲ್ಲ ಎಂದು ನಮ್ಮ ಪೋಷಕರು ಕಂಗಾಲಾದರು. ರಾಜ್ಯ ಸರ್ಕಾರ 2025-26ನೇ ಸಾಲಿಗೆ ಮಾತ್ರ ಮಿತಿಯನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಹಾಗೆ ಬೇಗ ಸೇರಿ, ತರಗತಿಗೇ ಚಿಕ್ಕದಾಗಿ ಕೂರುವ ಮಗುವಿನ ಮನಸ್ಸಿಗೆ ಏನಾಗುತ್ತದೆ?

ಇದಕ್ಕೆ ಉತ್ತರ ಹುಡುಕಲು ಮಕ್ಕಳನ್ನು ಪ್ರಯೋಗಕ್ಕೆ ಒಡ್ಡಬೇಕಿಲ್ಲ. ದಾಖಲಾತಿಯ ಗಡುವೇ ಆ ಕೆಲಸ ಮಾಡಿಕೊಡುತ್ತದೆ. ಗಡುವಿನ ಹಿಂದಿನ ದಿನ ಹುಟ್ಟಿದವಳು ತರಗತಿಯ ಕಿರಿಯಳು. ಮರುದಿನ ಹುಟ್ಟಿದವಳು ಮುಂದಿನ ವರ್ಷದ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳು. ಆದರೆ ವ್ಯತ್ಯಾಸ ಕಂಡರೂ ಅದು ಹುಟ್ಟಿದ ಋತುವಿನಿಂದಲೇ ಬಂದದ್ದಿರಬಹುದಲ್ಲ? ಈ ಅನುಮಾನವನ್ನು ಬ್ರಿಟನ್ನಿನ ರಾಬರ್ಟ್ ಗುಡ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಬಗೆಹರಿಸಿದ ರೀತಿ ನನಗೆ ಅತ್ಯಂತ ಪ್ರಿಯವಾದದ್ದು. ಇಂಗ್ಲೆಂಡಿನಲ್ಲಿ ತರಗತಿಯ ಕಿರಿಯರು ಬೇಸಿಗೆಯ ಕೊನೆಯಲ್ಲಿ ಹುಟ್ಟಿದವರು, ಸ್ಕಾಟ್ಲೆಂಡಿನಲ್ಲಿ ಚಳಿಗಾಲದ ಕೊನೆಯಲ್ಲಿ ಹುಟ್ಟಿದವರು. ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದಾಗ ಮಾನಸಿಕ ತೊಂದರೆ ತುಸು ಹೆಚ್ಚಾಗಿ ಕಂಡದ್ದು ಎರಡೂ ಕಡೆ ಕಿರಿಯರಲ್ಲೇ. ಋತು ಬೇರೆಯಾದರೂ ಫಲ ಒಂದೇ!

2018ರ ಅಮೆರಿಕದ ಅಧ್ಯಯನ ಇನ್ನೂ ಕಳವಳ ಹುಟ್ಟಿಸುವಂಥದ್ದು. ಸೆಪ್ಟೆಂಬರ್ 1ರ ಗಡುವಿರುವ ರಾಜ್ಯಗಳಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದ ಹತ್ತು ಸಾವಿರ ಮಕ್ಕಳಲ್ಲಿ ಸುಮಾರು 85 ಮಂದಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ) ಎಂಬ ಹಣೆಪಟ್ಟಿ ಬಿದ್ದಿತ್ತು, ಸೆಪ್ಟೆಂಬರ್‌ನವರಲ್ಲಿ 64. ಬೇರೆ ಗಡುವಿನ ರಾಜ್ಯಗಳಲ್ಲಿ ಈ ತಿಂಗಳುಗಳ ನಡುವೆ ಇಷ್ಟು ಅಂತರವಿರಲಿಲ್ಲ. ಅಂದರೆ, ವಯಸ್ಸಿಗೆ ಸಹಜವಾದ ಚಂಚಲತೆ ಹಿರಿಯ ಸಹಪಾಠಿಗಳ ಪಕ್ಕದಲ್ಲಿ ಕಾಯಿಲೆಯಂತೆ ಕಾಣುತ್ತಿದೆ. ಆರರ ಮಗುವಿಗೆ ಒಂದು ವರ್ಷವೆಂದರೆ ಬದುಕಿದ ಆಯುಸ್ಸಿನ ಆರನೇ ಒಂದು ಪಾಲು!

ಇದು ಬರೀ ಹಣೆಪಟ್ಟಿಯ ಮಾತಲ್ಲ. ಹತ್ತು ಲಕ್ಷ ಬ್ರಿಟಿಷ್ ಮಕ್ಕಳ ವೈದ್ಯಕೀಯ ದಾಖಲೆಗಳನ್ನು ಆಧರಿಸಿದ 2019ರ ಅಧ್ಯಯನದಲ್ಲಿ, ತರಗತಿಯ ಕಿರಿಯರಲ್ಲಿ ಖಿನ್ನತೆಯ ಸಂಭವ ಹಿರಿಯರಿಗಿಂತ ಸುಮಾರು ಶೇ 30ರಷ್ಟು ಹೆಚ್ಚಿತ್ತು. ಖಿನ್ನತೆ ವಿರಳವಾಗಿರುವ ವಯಸ್ಸದು, ಹಾಗಾಗಿ ಜೂನ್ 1ರ ಗಡುವಿನಿಂದ ತರಗತಿಗೇ ಕಿರಿಯದಾಗುವ ಮೇ ತಿಂಗಳ ಮಗುವಿನ ತಾಯಿ ಹೆದರಬೇಕಿಲ್ಲ.

ಡೆನ್ಮಾರ್ಕ್‌ನಲ್ಲಿ ಒಂದು ವರ್ಷ ತಡವಾಗಿ ಶಾಲೆ ಸೇರಿದವರಲ್ಲಿ ಹನ್ನೊಂದರ ವಯಸ್ಸಿನಲ್ಲೂ ಗಮನ ಚೆನ್ನಾಗಿ ನಿಲ್ಲುತ್ತಿತ್ತು ಎಂಬ ಅಧ್ಯಯನ ಬಂದಾಗ, ಎಲ್ಲರೂ ತಡವಾಗಿ ಸೇರಿಸಿ ಎಂಬ ಉಪದೇಶ ಹಬ್ಬಿತು. ನಾನು ಒಪ್ಪಲಾರೆ. ಗಡುವನ್ನು ಎಲ್ಲಿಗೆ ಸರಿಸಿದರೂ ತರಗತಿಯಲ್ಲಿ ಒಬ್ಬ ಕಿರಿಯ ಇದ್ದೇ ಇರುತ್ತಾನೆ. ಅಷ್ಟಕ್ಕೂ ಅಲ್ಲಿ ತಡವಾಗಿ ಸೇರಿದ ಮಗು ಆ ವರ್ಷವನ್ನು ಆಟವೇ ಪ್ರಧಾನವಾದ ಶಿಶುಕೇಂದ್ರದಲ್ಲಿ ಕಳೆದಿರುತ್ತದೆ. ನಮ್ಮ ಎಷ್ಟೋ ಯುಕೆಜಿಗಳಲ್ಲಿ ಆಗಲೇ ಕಾಪಿ ಬರೆಸುವುದು, ಮಗ್ಗಿ ಒಪ್ಪಿಸುವುದು ಶುರುವಾಗಿರುತ್ತದೆ.