ಬಾಡಿಗೆ ಸೈಕಲ್ ಓಡಬೇಕೆಂದರೆ ಖಾಲಿ ಜಾಗ ಇರಬೇಕು

ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ ಒಂದು ಕಾಲದಲ್ಲಿ ನಮ್ಮ ಊರೂರಿನಲ್ಲೂ ಇತ್ತು. ಅಂಗಡಿಯವನಿಗೆ ನಮ್ಮ ಮನೆ ಗೊತ್ತಿರಬೇಕು, ನೋಟ್‌ಬುಕ್ಕಿನಲ್ಲಿ ಹೆಸರು, ಹೊತ್ತು ಬರೆಸಬೇಕು, ಕೊನೆಗೆ ಸೈಕಲನ್ನು ಅದೇ ಅಂಗಡಿಗೆ ತಂದು ಒಪ್ಪಿಸಬೇಕು. ಮೈಸೂರಿನ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಬದಲಿಸಿದ್ದು ಈ ಕೊನೆಯ ಷರತ್ತನ್ನು. ಒಂದು ಕೇಂದ್ರದಲ್ಲಿ ತೆಗೆದುಕೊಂಡ ಸೈಕಲನ್ನು ಇನ್ನೊಂದು ಕೇಂದ್ರದಲ್ಲಿ ಬಿಟ್ಟು ಹೋಗಬಹುದಿತ್ತು.

2017ರ ಜೂನ್‌ನಲ್ಲಿ 450 ಸೈಕಲ್, 48 ಡಾಕಿಂಗ್ ಕೇಂದ್ರಗಳೊಂದಿಗೆ ಇದು ಶುರುವಾಯಿತು. ಹಿಂದೆ ನಿಂತವರು ಮಹಾನಗರ ಪಾಲಿಕೆ ಮತ್ತು ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ. ಜಾಗತಿಕ ಪರಿಸರ ನಿಧಿಯ ನೆರವೂ ಸಿಕ್ಕಿತು. ಅದೇ ತಿಂಗಳು ಭೋಪಾಲ್ ಕೂಡ ಇಂಥದೇ ವ್ಯವಸ್ಥೆ ತೆರೆಯಿತು. ಯಾರು ಮೊದಲು ಎಂಬ ಜಂಬದ ಲೆಕ್ಕ ನಮಗೆ ಬೇಡ.

ಬಳಕೆ ಸುಲಭವಾಗಿತ್ತು. ಒಮ್ಮೆ ಹೆಸರು ನೋಂದಾಯಿಸಿ, ಠೇವಣಿ ಕಟ್ಟಿದರೆ ಸ್ಮಾರ್ಟ್ ಕಾರ್ಡ್ ಕೈಸೇರುತ್ತಿತ್ತು. ಕೇಂದ್ರದಲ್ಲಿ ಕಾರ್ಡ್ ತೋರಿಸಿದರೆ ಸೈಕಲ್ ಹಿಡಿದಿಟ್ಟ ಬೀಗ ಸಡಿಲವಾಗುತ್ತಿತ್ತು. ಹಿಂದಕ್ಕೆಳೆದು, ಸೀಟನ್ನು ನಮ್ಮ ಎತ್ತರಕ್ಕೆ ಹೊಂದಿಸಿಕೊಂಡು ಹೊರಟರಾಯಿತು. ಇಳಿಯುವಲ್ಲಿ ಮುಂದಿನ ಚಕ್ರವನ್ನು ಖಾಲಿ ಡಾಕ್‌ಗೆ, ಅಂದರೆ ಸೈಕಲ್ ಹಿಡಿದಿಡುವ ಗೂಡಿಗೆ, ತಳ್ಳಬೇಕಿತ್ತು. ಬೀಗ ಬಿದ್ದ ಮೇಲೆಯೇ ಬಾಡಿಗೆಯ ಲೆಕ್ಕ ನಿಲ್ಲುತ್ತಿದ್ದುದು.

ಆ ‘ಖಾಲಿ ಡಾಕ್’ ಎಂಬುದರಲ್ಲೇ ಇಡೀ ವ್ಯವಸ್ಥೆಯ ಗುಟ್ಟಿದೆ. ಸೈಕಲ್ ಸಿಗದಿದ್ದರೆ ಬಸ್ಸೋ ಆಟೋವೋ ಹಿಡಿಯಬಹುದು; ಬಿಡಲು ಜಾಗವೇ ಇಲ್ಲದಿದ್ದರೆ ಏನು ಮಾಡುವುದು? ಮೀಟರ್ ಓಡುತ್ತಿರುತ್ತದೆ, ಸವಾರ ಮುಂದಿನ ಕೇಂದ್ರ ಹುಡುಕಿಕೊಂಡು ತುಳಿಯುತ್ತಿರುತ್ತಾನೆ. ಅದಕ್ಕೇ ನಗರ ಸಾರಿಗೆ ಬಲ್ಲ ಐಟಿಡಿಪಿ ಸಂಸ್ಥೆಯ ಕೈಪಿಡಿ ಒಂದು ಸೈಕಲ್‌ಗೆ 2ರಿಂದ 2.5 ಡಾಕ್ ಇರಲಿ ಎನ್ನುತ್ತದೆ. ಅರ್ಧಕ್ಕರ್ಧ ಖಾಲಿ ಇರುವ ಕೇಂದ್ರ ನೋಡಿ ‘ದುಡ್ಡು ದಂಡ’ ಎಂದು ಮೂಗು ಮುರಿಯುವವರಿಗೆ ಇದು ಗೊತ್ತಿರುವುದಿಲ್ಲ.

ಇಷ್ಟಾದರೂ ಬೆಳಿಗ್ಗೆ ಎಲ್ಲರೂ ಒಂದೇ ಕಡೆ ಹೊರಡುತ್ತಾರೆ, ಸಂಜೆ ಎಲ್ಲರೂ ವಾಪಸು. ಒಂದು ಕೇಂದ್ರ ಬರಿದು, ಇನ್ನೊಂದು ಭರ್ತಿ. ಹೆಚ್ಚಾದ ಕಡೆಯಿಂದ ಸೈಕಲ್‌ಗಳನ್ನು ವಾಹನಕ್ಕೆ ಹೇರಿ ಕಡಿಮೆಯಾದ ಕಡೆ ಇಳಿಸುವ ಕೆಲಸ ದಿನವೂ ನಡೆಯಲೇಬೇಕು. ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳದ ಖರ್ಚು ಇದೇ. ಏರುದಾರಿ ಇದ್ದರಂತೂ ಕೇಳಲೇಬೇಡಿ: ಜನ ಇಳಿಜಾರಿನಲ್ಲಿ ಹಾಯಾಗಿ ಬರುತ್ತಾರೆ, ಹತ್ತಿಸಿಕೊಂಡು ಹೋಗುವುದಿಲ್ಲ. 2007ರಲ್ಲಿ ‘ವೆಲಿಬ್’ ಎಂಬ ಇಂಥದೇ ಯೋಜನೆ ಆರಂಭಿಸಿದ ಪ್ಯಾರಿಸ್, ಗುಡ್ಡದ ಮೇಲಿನ ಕೇಂದ್ರಕ್ಕೆ ಸೈಕಲ್ ಮುಟ್ಟಿಸಿದವರಿಗೆ 15 ನಿಮಿಷ ಉಚಿತ ಸವಾರಿಯ ಬಹುಮಾನವಿಟ್ಟಿತ್ತು.

ಬೀಗವೇ ಬೇಡ ಎಂದವರೂ ಇದ್ದರು. 1965ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಪ್ರೊವೊ ಎಂಬ ತರುಣರ ಗುಂಪು ಸೈಕಲ್‌ಗಳಿಗೆ ಬಿಳಿ ಬಣ್ಣ ಬಳಿದು, ಯಾರು ಬೇಕಾದರೂ ತುಳಿಯಲಿ ಎಂದು ಬೀದಿಯಲ್ಲಿ ಬಿಟ್ಟಿತು. ಬೀಗ ಹಾಕದ ಸೈಕಲ್ ಬೀದಿಯಲ್ಲಿರಕೂಡದು ಎಂಬ ನಿಯಮ ತೋರಿಸಿ ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ಮೂವತ್ತು ವರ್ಷ ಕಳೆದು, 1995ರಲ್ಲಿ ಕೋಪನ್‌ಹೇಗನ್ ನಾಣ್ಯ ಹಾಕಿ ಬಿಡಿಸಿಕೊಳ್ಳುವ ಸೈಕಲ್ ತಂದಿತು. ನಾಣ್ಯ ಹಾಕಿದವರು ಯಾರೆಂದು ತಿಳಿಯುವ ಬಗೆ ಇರಲಿಲ್ಲ, ಕಳವು ನಿಲ್ಲಲಿಲ್ಲ. ಸವಾರನ ಗುರುತು ಹಿಡಿದಿಡುವ ಕಾರ್ಡ್ ಬಂದ ಮೇಲೆಯೇ ಈ ಯೋಜನೆಗಳಿಗೆ ಕಾಲು ಬಂದದ್ದು.

ಬೆಳೆಯುವ ಊರು ಎಷ್ಟು ದೊಡ್ಡದಾಗಿ ಆರಂಭಿಸಬೇಕು? ಅದೇ ಐಟಿಡಿಪಿ ಕೈಪಿಡಿಯ ಪ್ರಕಾರ ಚದರ ಕಿಲೋಮೀಟರಿಗೆ 10ರಿಂದ 16 ಕೇಂದ್ರ. ಅಂದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 300 ಮೀಟರ್. ಈ ಅಳತೆಯಲ್ಲಿ ಮೈಸೂರಿನ ಆರಂಭದ 48 ಕೇಂದ್ರ ಮೂರರಿಂದ ಐದು ಚದರ ಕಿಲೋಮೀಟರಿಗೆ ಮುಗಿದುಹೋಗುತ್ತವೆ. ಊರಿಗೆಲ್ಲ ಹಂಚಿದರೆ ಬಡಾವಣೆಗೊಂದು ಬಂದೀತು, ಆದರೆ ಬಿಸಿಲಲ್ಲಿ ಮುಕ್ಕಾಲು ಕಿಲೋಮೀಟರ್ ನಡೆದು ಹೋಗಿ ಸೈಕಲ್ ಹತ್ತುವವರು ಯಾರು? ಎಲ್ಲ ವಾರ್ಡಿನವರನ್ನೂ ಸಮಾಧಾನಪಡಿಸುವ ಬದಲು ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆ, ಕಾಲೇಜುಗಳ ನಡುವೆ ಒತ್ತೊತ್ತಾಗಿ ಹಾಕಿ, ಅಲ್ಲಿಂದ ಹೊರಕ್ಕೆ ಬೆಳೆಸುವುದೇ ಲೇಸು. ಚೀನಾದ ಹಾಂಗ್‌ಝೌ 2008ರಲ್ಲಿ 2,800 ಸೈಕಲ್‌ನಿಂದ ಹೊರಟು ಕೆಲವೇ ವರ್ಷಗಳಲ್ಲಿ 60,000 ದಾಟಿತು. ಅಲ್ಲಿ ಮೊದಲ ಒಂದು ಗಂಟೆ ಪುಕ್ಕಟೆ, ಮೀರಿದರಷ್ಟೇ ಬಾಡಿಗೆ. ಹೀಗಾಗಿ ಯಾರೂ ಸೈಕಲನ್ನು ಇಡೀ ದಿನ ಕಟ್ಟಿಹಾಕಿಕೊಳ್ಳುವುದಿಲ್ಲ. ಬೇಗ ಡಾಕ್‌ಗೆ ಸೇರಿಸುತ್ತಾರೆ, ಅದೇ ಸೈಕಲ್ ಇನ್ನೊಬ್ಬರಿಗೆ ಸಿಗುತ್ತದೆ.