ರಕ್ತ ನಿಂತಾಗ ಮೂತ್ರಪಿಂಡವನ್ನು ಕಾಯುವುದು ಹೇಗೆ?

ಹೃದಯ, ಮಹಾಪಧಮನಿ ಅಥವಾ ಮೂತ್ರಪಿಂಡದ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕೆಲವು ರೋಗಿಗಳಲ್ಲಿ ಮೂತ್ರಪಿಂಡದ ಕೆಲಸ ದಿಢೀರನೆ ಕುಸಿಯುತ್ತದೆ. ಇದಕ್ಕೆ ಒಂದು ಮುಖ್ಯ ಕಾರಣ, ಆ ಹೊತ್ತಿನಲ್ಲಿ ರಕ್ತದ ಹರಿವು ಕಡಿಮೆಯಾಗುವುದು ಅಥವಾ ನಿಲ್ಲುವುದು.

ಎರಡೂ ಮೂತ್ರಪಿಂಡಗಳ ತೂಕ ಒಟ್ಟು ಸುಮಾರು 300 ಗ್ರಾಂ. ಆದರೂ ಹೃದಯ ಹೊರದೂಡುವ ರಕ್ತದ ಸುಮಾರು ಐದರಲ್ಲೊಂದು ಪಾಲು, ಅಂದರೆ ನಿಮಿಷಕ್ಕೆ ಹತ್ತಿರಹತ್ತಿರ ಒಂದು ಲೀಟರ್, ಅವುಗಳಿಗೆ ಸಲ್ಲುತ್ತದೆ. ಇಷ್ಟು ರಕ್ತ ಸಿಕ್ಕರೂ ಅದರ ಬಹುಭಾಗ ಹೊರಪದರಕ್ಕೇ ಹೋಗುತ್ತದೆ. ಒಳಭಾಗದ ಸೂಕ್ಷ್ಮ ನಳಿಕೆಗಳು ಎಂದಿನ ದಿನಗಳಲ್ಲೂ ಅತಿ ಕಡಿಮೆ ಆಮ್ಲಜನಕದಲ್ಲಿಯೇ ದುಡಿಯುತ್ತವೆ. ಆದ್ದರಿಂದ ರಕ್ತ ಇಳಿದರೆ ಮೊದಲು ಪೆಟ್ಟು ಬೀಳುವುದು ಅವಕ್ಕೆ. ಸತ್ತ ಜೀವಕೋಶಗಳು ಕಳಚಿ ನಳಿಕೆಗಳನ್ನು ಮುಚ್ಚುತ್ತವೆ. ರಕ್ತ ಮರಳಿ ಹರಿದಾಗಲೂ ಉರಿಯೂತದಿಂದ ಹಾನಿ ಮುಂದುವರಿಯುತ್ತದೆ.

ಗಡಿಯಾರ ಮತ್ತು ಮಂಜುಗಡ್ಡೆ

ಮೂತ್ರಪಿಂಡದ ಗೆಡ್ಡೆಯನ್ನಷ್ಟೇ ತೆಗೆದು ಉಳಿದ ಭಾಗವನ್ನು ಉಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಈ ಅಪಾಯ ಎದ್ದು ಕಾಣುತ್ತದೆ. ರಕ್ತಸ್ರಾವ ತಡೆಯಲು ವೈದ್ಯರು ರಕ್ತನಾಳಕ್ಕೆ ಕ್ಲ್ಯಾಂಪ್ ಎಂಬ ಇಕ್ಕಳ ಹಾಕುತ್ತಾರೆ. ದೇಹದ ಸಾಮಾನ್ಯ ಉಷ್ಣತೆಯಲ್ಲಿ ಇದನ್ನು 25ರಿಂದ 30 ನಿಮಿಷದೊಳಗೆ ತೆಗೆಯಬೇಕೆಂಬುದು ರೂಢಿಯ ಮಿತಿ. ಒಂದೇ ಮೂತ್ರಪಿಂಡ ಇರುವವರಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಸಮಯ ಉಳಿಸಲು ಹಲವು ದಾರಿಗಳಿವೆ. ಒಳಗಿನ ಹೊಲಿಗೆ ಮುಗಿದೊಡನೆ ಇಕ್ಕಳ ಸಡಿಲಿಸಬಹುದು. ಗೆಡ್ಡೆಗೆ ಹೋಗುವ ಕವಲನ್ನು ಮಾತ್ರ ಹಿಡಿಯಬಹುದು. ಸೂಕ್ತವಾದ ಚಿಕ್ಕ ಗೆಡ್ಡೆಗಳಲ್ಲಿ ಇಕ್ಕಳವೇ ಬೇಡವಾಗಬಹುದು. ಹೆಚ್ಚು ಹೊತ್ತು ಬೇಕೆನಿಸಿದರೆ ಮೂತ್ರಪಿಂಡದ ಸುತ್ತ ಪುಡಿ ಮಂಜುಗಡ್ಡೆ ತುಂಬಿ ತಣಿಸುತ್ತಾರೆ. ತಣ್ಣಗಾದ ಜೀವಕೋಶಕ್ಕೆ ಆಮ್ಲಜನಕ ಕಡಿಮೆ ಸಾಕು. ದಾನಿಯ ಮೂತ್ರಪಿಂಡವನ್ನು ವಿಶೇಷ ದ್ರಾವಣದಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಪಾಡುವುದೂ ಇದೇ ತತ್ವದಿಂದ. ಮಹಾಪಧಮನಿಯ ಉಬ್ಬಿನ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರಪಿಂಡದ ರಕ್ತನಾಳಗಳಿಗಿಂತ ಮೇಲೆ ಇಕ್ಕಳ ಹಾಕಬೇಕಾದಾಗ, ಕೆಲವೆಡೆ ಆ ನಾಳಗಳೊಳಗೆ ತಂಪು ದ್ರಾವಣ ಹರಿಸುತ್ತಾರೆ.

ಹೃದಯವನ್ನು ನಿಲ್ಲಿಸದೆ, ಪಂಪ್ ಯಂತ್ರದ ನೆರವಿಲ್ಲದೆ ಬೈಪಾಸ್ ಮಾಡಿದರೆ ಹೇಗೆ? 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಇದರಿಂದ ಆರಂಭದ ಮೂತ್ರಪಿಂಡ ಹಾನಿ ಕಡಿಮೆಯಾಯಿತು. ಆದರೆ ಒಂದು ವರ್ಷದ ನಂತರ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಪ್ರಯೋಗದ ಹಂತದಲ್ಲಿ

ಊದಿಕೊಂಡ ಮೂತ್ರಪಿಂಡ ತನ್ನ ಬಿಗಿಯಾದ ಹೊರಪೊರೆಯೊಳಗೇ ಒತ್ತಡಕ್ಕೆ ಸಿಲುಕುತ್ತದೆ. ಈ ಪೊರೆಯನ್ನು ಸೀಳಿದರೆ ಹಾನಿ ತಗ್ಗುವುದೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. 20ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಎಡೆಬೋಲ್ಸ್ ದೀರ್ಘಕಾಲದ ಮೂತ್ರಪಿಂಡ ಉರಿಯೂತಕ್ಕೆ ಪೊರೆ ಸುಲಿಯುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅದು ಮುಂದೆ ಮೂಲೆಗೆ ಸರಿಯಿತು. ಮನುಷ್ಯರಲ್ಲಿ ಇದು ಇಂದಿಗೂ ರೂಢಿಯ ಚಿಕಿತ್ಸೆಯಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ, ಬಿಗಿದು ಸಡಿಲಿಸಿ ದೇಹವನ್ನು ರಕ್ತದ ಕೊರತೆಗೆ ಸಜ್ಜುಗೊಳಿಸುವ ವಿಧಾನವೂ ಇದೆ. 2015ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ ಪ್ರಯೋಜನ ಕಂಡಿತು. ಅದೇ ವರ್ಷದ ಇನ್ನೆರಡು ದೊಡ್ಡ ಅಧ್ಯಯನಗಳಲ್ಲಿ ಕಾಣಲಿಲ್ಲ.

ರೋಗಿಗಳು ಗಮನಿಸಬೇಕಾದದ್ದು

ಮೂತ್ರಪಿಂಡವನ್ನು ಖಚಿತವಾಗಿ ಕಾಯುವ ಮಾತ್ರೆ ಇಲ್ಲ. ಹಿಂದೆ ಬಹಳ ಬಳಕೆಯಲ್ಲಿದ್ದ ಕಡಿಮೆ ಪ್ರಮಾಣದ ಡೋಪಮೈನ್ ರಕ್ಷಣೆ ಕೊಡುವುದಿಲ್ಲವೆಂದು 2000ದಲ್ಲಿ ತಿಳಿಯಿತು. ಆದ್ದರಿಂದ ಮುನ್ನೆಚ್ಚರಿಕೆಯೇ ಮುಖ್ಯ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಳೆಯ ಕ್ರಿಯಾಟಿನಿನ್ ವರದಿ, ಸೇವಿಸುತ್ತಿರುವ ಮಾತ್ರೆಗಳು, ಇವೆಲ್ಲವನ್ನೂ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಯಾವುದೇ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳನ್ನು ಕೇಳದೆ ನುಂಗಬೇಡಿ. ಕ್ರಿಯಾಟಿನಿನ್ ಏರುವುದು ತಡವಾಗಿ; ಮೂತ್ರ ಅದಕ್ಕಿಂತ ಮೊದಲೇ ಇಳಿಯಬಹುದು. 60 ಕಿಲೋ ತೂಕದವರಲ್ಲಿ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಆರು ಗಂಟೆ ಮುಂದುವರಿದರೆ ಅದು ಎಚ್ಚರಿಕೆಯ ಗಂಟೆ. ಮನೆಗೆ ಮರಳಿದ ಮೇಲೆ ಮೂತ್ರ ಕಡಿಮೆಯಾದರೆ, ಕಾಲು ಊದಿದರೆ ಅಥವಾ ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರನ್ನು ಕಾಣಿ.