ಕೋಟೆಯೊಳಗಿನ ಊರು, ಊರೊಳಗಿನ ಬದುಕು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿದ್ದೀರಾ, ಮಕ್ಕಳೇ? ಮೈಸೂರು ಇನ್ನೇನು ಹದಿನೈದು ಕಿಲೋಮೀಟರ್ ಇದೆ ಎನ್ನುವಾಗ ರೈಲು ಕಾವೇರಿಯನ್ನು ದಾಟಿ ಹಳೆಯ ಕೋಟೆಯೊಳಗೆ ನುಗ್ಗುತ್ತದೆ. ರಂಗನಾಥನ ಗೋಪುರ ಕಂಡೊಡನೆ ಅಜ್ಜಿಯರು ಕೈಮುಗಿಯುತ್ತಾರೆ. ಮಕ್ಕಳು ‘ಟಿಪ್ಪು ಕೋಟೆ!’ ಎಂದು ಕೂಗುತ್ತಾರೆ. ಮನೆಗಳ ಹಿತ್ತಲಲ್ಲಿ ತಂತಿಯ ಮೇಲೆ ಒಣಗುವ ಶಾಲೆಯ ಸಮವಸ್ತ್ರವನ್ನು ಮಾತ್ರ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ಶ್ರೀರಂಗಪಟ್ಟಣ ನಮಗೆ ಪ್ರವಾಸದ ಜಾಗ. ಸಾವಿರಾರು ಜನರಿಗೆ ಅದು ಮನೆ.

ಮಂಡ್ಯ ಜಿಲ್ಲೆಯ ಈ ಪುಟ್ಟ ಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಇಲ್ಲಿನ ರಂಗನಾಥಸ್ವಾಮಿ ದೇವಾಲಯದ ಮೂಲ ಕ್ರಿ.ಶ. 894ಕ್ಕೆ ಹೋಗುತ್ತದೆ. 1610ರಲ್ಲಿ ರಾಜ ಒಡೆಯರು ಇದನ್ನು ರಾಜಧಾನಿ ಮಾಡಿಕೊಂಡು ಇಲ್ಲೇ ದಸರಾ ಆರಂಭಿಸಿದರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದದ್ದೂ ಈ ಕೋಟೆಯಲ್ಲೇ. ರಾಜಧಾನಿ ಮೈಸೂರಿಗೆ ಹೋಯಿತು. ಊರು ಉಳಿಯಿತು. ಈಗ ಪುರಸಭೆಯ ನಲ್ಲಿ, ಸಂತೆ, ಶಾಲೆ, ಆಸ್ಪತ್ರೆ ಎಲ್ಲವೂ ಇರುವ ತಾಲ್ಲೂಕು ಕೇಂದ್ರ ಇದು.

ಮಹಡಿ ಏಕೆ ಏಳುವುದಿಲ್ಲ?

ಇಲ್ಲಿ ಯಾವ ಬೀದಿ ತಿರುಗಿದರೂ ಒಂದು ಸ್ಮಾರಕ ಸಿಗುತ್ತದೆ. ಮಸೀದಿ, ಸೆರೆಮನೆ, ಮದ್ದಿನ ಮನೆ, ಕಂದಕ. ನೋಡುವವರಿಗೆ ಹಬ್ಬ. ಮನೆ ಕಟ್ಟುವವರಿಗೆ ಚಿಂತೆ. 2010ರಲ್ಲಿ ತಿದ್ದುಪಡಿಯಾದ ಕಾಯಿದೆಯ ಪ್ರಕಾರ, ಕೇಂದ್ರ ಸರ್ಕಾರ ರಕ್ಷಿಸುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಹಳೆಯ ಮನೆಯ ದುರಸ್ತಿಗೂ ಅರ್ಜಿ ಹಾಕಿ ಕಾಯಬೇಕು. ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಇಬ್ಬರಿಗೂ ಮದುವೆಯಾದರೆ, ಮೇಲೊಂದು ಮಹಡಿ ಎಬ್ಬಿಸುವ ಬದಲು ಒಬ್ಬರು ಮೈಸೂರಿಗೆ ಬಾಡಿಗೆ ಮನೆ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಹಾಗೆಂದು ಕಾಯಿದೆಯೇ ತಪ್ಪು ಎನ್ನಲಾಗದು. ಅದಿಲ್ಲದಿದ್ದರೆ ಕೋಟೆಯ ಕಲ್ಲುಗಳು ಎಂದೋ ಯಾರದೋ ಮನೆಯ ಪಾಯ ಸೇರುತ್ತಿದ್ದವು. 2017ರಲ್ಲಿ ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ, ಜಾಕ್‌ಗಳಿಂದ ಇಡಿಯಾಗಿ ಎತ್ತಿ, ಸುಮಾರು 130 ಮೀಟರ್ ದೂರ ಸಾಗಿಸಿ ಇಟ್ಟರು. ಕಲ್ಲಿನ ಕಟ್ಟಡಕ್ಕೆ ಅಷ್ಟು ಜತನ ಸಾಧ್ಯವಾದರೆ, ಅದರ ನೆರೆಯ ಸೋರುವ ಮನೆಯ ಅರ್ಜಿಗೂ ಒಂದಿಷ್ಟು ಬೇಗ ಉತ್ತರ ಸಿಗಬಾರದೇ?

ಕಾವೇರಿ ಉಕ್ಕಿದಾಗ

ಮಳೆಗಾಲದಲ್ಲಿ ಊರಿನವರ ಕಿವಿಯೆಲ್ಲ ಕನ್ನಂಬಾಡಿಯ ಕಡೆಗೆ. ಕೃಷ್ಣರಾಜಸಾಗರದ ನೀರು 124.80 ಅಡಿಯ ಗರಿಷ್ಠ ಮಟ್ಟ ಮುಟ್ಟುತ್ತಿದ್ದಂತೆ ಗೇಟುಗಳು ತೆರೆಯುತ್ತವೆ, ಕೆಳಗಿರುವ ಈ ದ್ವೀಪದಲ್ಲಿ ಎಚ್ಚರಿಕೆ ಸಾರುತ್ತಾರೆ. ಸ್ನಾನಘಟ್ಟದ ಮೆಟ್ಟಿಲು ಒಂದೊಂದಾಗಿ ಮುಳುಗುತ್ತವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳಿಗೆ ನೀರು ಅಪ್ಪಳಿಸುತ್ತದೆ. ನದಿದಂಡೆಯ ಮನೆಗಳವರು ಪಾತ್ರೆ, ಪುಸ್ತಕ ಅಟ್ಟಕ್ಕೇರಿಸುತ್ತಾರೆ. ನಾವು ಟಿವಿಯಲ್ಲಿ ‘ಆಹಾ, ಎಂಥ ನೋಟ!’ ಎನ್ನುವ ಹೊತ್ತಿಗೆ ಅವರಿಗೆ ನಿದ್ದೆ ಇರುವುದಿಲ್ಲ.

ಆದರೂ ಊರು ಬಿಡಲು ಮನಸ್ಸಾಗದವರು ಇಲ್ಲಿ ಬಹಳ. ಸಂಕ್ರಾಂತಿಯ ಸಂಜೆ ದೇವಾಲಯದಲ್ಲಿ ಲಕ್ಷದೀಪೋತ್ಸವ, ರಥಸಪ್ತಮಿಗೆ ತೇರು, ಶರನ್ನವರಾತ್ರಿಯಲ್ಲಿ ಊರಿನದೇ ದಸರಾ. ಊರಿನ ಮಕ್ಕಳಿಗೆ ಪಾಠಪುಸ್ತಕದ ಪುಟ ಮನೆಯ ಹತ್ತಿರದಲ್ಲೇ ಇದೆ. ಟಿಪ್ಪುವಿನ ದೇಹ ಸಿಕ್ಕ ಸ್ಥಳದ ಕಲ್ಲಿನ ಪಕ್ಕದ ದಾರಿಯಲ್ಲಿ ಅವರು ಸೈಕಲ್ ಕಲಿಯುತ್ತಾರೆ.

ನಾವು ಹೋದಾಗ

ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ಮೂರು ಕೆಲಸ ಮಾಡೋಣ. ಊಟದ ಎಲೆ, ನೀರಿನ ಬಾಟಲಿಯನ್ನು ನದಿಗೆ ಎಸೆಯದಿರೋಣ. ಗೋಡೆಯ ಮೇಲೆ ಹೆಸರು ಕೆತ್ತದಿರೋಣ. ಮನೆಯ ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸದಿರೋಣ. ಆಮೇಲೆ ಜಗಲಿಯಲ್ಲಿ ಕೂತ ಹಿರಿಯರು ಕಂಡರೆ ನಮಸ್ಕಾರ ಹೇಳಿ, ‘ನಿಮ್ಮೂರು ಹೇಗಿತ್ತಜ್ಜಾ?’ ಎಂದು ಕೇಳಿ ನೋಡಿ. ಫಲಕದಲ್ಲಿ ಬರೆಯದ ಎಷ್ಟೋ ಸಂಗತಿ ಅವರ ಬಾಯಲ್ಲಿದೆ. ಕೋಟೆಯನ್ನು ಕಾಯಿದೆ ಕಾಯುತ್ತದೆ. ಊರನ್ನು ಕಾಯುವವರು ಅಲ್ಲಿ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವವರು.